ಬೆಂಗಳೂರು–ದೆಹಲಿ, ಅಗ್ಗದ ವಿಮಾನದಲ್ಲಿ ಬಿಸಿನೆಸ್ ಕ್ಲಾಸ್: ಮೂರು ಗಂಟೆಯೂ ಇಲ್ಲದ ದಾರಿಗೆ ಇದು ಬೇಕಾ?

ಸಾಗರದ ಮಳೆ

ಎಲ್ಲರಿಗೂ ನಮಸ್ಕಾರ. ತಮ್ಮ ಗುರುಗ್ರಾಮದಲ್ಲಿ ಮನೆ ತೆಗೆದುಕೊಂಡಿದ್ದಾನೆ. ಗೃಹಪ್ರವೇಶಕ್ಕೆ ನಾನು, ಅಮ್ಮ ಹೋಗಬೇಕು. ಶುಕ್ರವಾರ ಬೆಳಗ್ಗೆ ಹೋಗಿ ಭಾನುವಾರ ಸಂಜೆ ವಾಪಸ್. ಅಮ್ಮನಿಗೆ 68 ವರ್ಷ. ಎರಡೂ ಮಂಡಿ ಸವೆದಿದೆ. ಮನೆಯೊಳಗೆ ಓಡಾಡುತ್ತಾರೆ, ಅಡುಗೆಯನ್ನೂ ಮಾಡುತ್ತಾರೆ. ಆದರೆ ಕಾಲು ಮಡಚಿಕೊಂಡು ಒಂದು ಗಂಟೆ ಕೂತರೆ ಏಳುವಾಗ ಕಣ್ಣಲ್ಲಿ ನೀರು ಬರುತ್ತದೆ.

ಟಿಕೆಟ್ ಹುಡುಕುವಾಗ ನೋಡಿದರೆ ಇಂಡಿಗೋದಲ್ಲಿ ಸ್ಟ್ರೆಚ್ ಅಂತ ಒಂದು, ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಎಕ್ಸ್‌ಪ್ರೆಸ್ ಬಿಜ್ ಅಂತ ಇನ್ನೊಂದು ಇದೆ. ಎರಡೂ ವಿಮಾನದ ಮುಂಭಾಗದ ಬಿಸಿನೆಸ್ ಸೀಟು. ನಮ್ಮ ದಿನಕ್ಕೆ ಎಕಾನಮಿ ಏಳು ಸಾವಿರದ ಆಸುಪಾಸು. ಮುಂದಿನ ಸೀಟು ಇಪ್ಪತ್ತೊಂದು ಸಾವಿರ. ಅದೂ ಒಬ್ಬರಿಗೆ, ಒಂದು ಕಡೆಗೆ.

ಉಪ್ಪಿಟ್ಟಿನ ಕಪ್ಪಿಗೂ ದುಡ್ಡು ತೆಗೆದುಕೊಳ್ಳುವ ವಿಮಾನದಲ್ಲಿ ಬಿಸಿನೆಸ್ ಕ್ಲಾಸ್ ಅಂದರೆ ಏನು ಕೊಡುತ್ತಾರೆ? ಹೋಗಿ ಬಂದವರು ಹೇಳಿ. "ಒಮ್ಮೆ ಅನುಭವಿಸಿ ನೋಡಿ" ಅನ್ನುವ ಉತ್ತರ ದಯವಿಟ್ಟು ಬೇಡ.

ಸಂಜೆ ವಿಮಾನ

ಕೆಲಸದ ಮೇಲೆ ಇದೇ ದಾರಿಯಲ್ಲಿ ಓಡಾಡುವವನು ನಾನು. ಎರಡರಲ್ಲೂ ಕೂತಿದ್ದೇನೆ.

ಸ್ಟ್ರೆಚ್ ಶುರುವಾಗಿದ್ದು 2024ರ ನವೆಂಬರ್ 14ಕ್ಕೆ, ದೆಹಲಿ–ಮುಂಬೈ ನಡುವೆ. ಆಗ ಹೇಳಿದ್ದ ಆರಂಭದ ದರ 18,018 ರೂಪಾಯಿ. ಆಮೇಲೆ ಬೆಂಗಳೂರಿಗೂ ಬಂತು. ಎ321 ನಿಯೋ ವಿಮಾನದ ಮುಂಭಾಗದಲ್ಲಿ 12 ಸೀಟು. ಈ ಕಡೆ ಎರಡು, ಆ ಕಡೆ ಎರಡು, ಹೀಗೆ ಮೂರು ಸಾಲು. ಮಧ್ಯದ ಸೀಟು ಅನ್ನುವುದೇ ಇಲ್ಲ. ಸಾಲಿನಿಂದ ಸಾಲಿಗೆ 38 ಇಂಚು. ಸೀಟಿನ ಅಗಲ 21 ಇಂಚಿಗಿಂತ ಚೂರು ಜಾಸ್ತಿ. ಬೆನ್ನು 5 ಇಂಚು ಹಿಂದಕ್ಕೆ ವಾಲುತ್ತದೆ. ಹಿಂದೆ ಎಕಾನಮಿಯಲ್ಲಿ ಸಾಲಿನ ಅಂತರ 30 ಇಂಚಿನ ಒಳಗೆ. ಅಂದರೆ ಮಂಡಿಯ ಮುಂದೆ ಒಂದು ಗೇಣು ಜಾಗ ಹೆಚ್ಚು. ನಿಮ್ಮ ಅಮ್ಮನಿಗೆ ಬೇಕಾಗಿರುವುದು ಆ ಒಂದು ಗೇಣೇ.

ಮಲಗುವ ಸೀಟು ಅಂತ ಮಾತ್ರ ಅಂದುಕೊಳ್ಳಬೇಡಿ. ದೊಡ್ಡ ಕಂಪನಿಗಳ ಜಾಹೀರಾತಿನಲ್ಲಿ ಮಂಚದ ಹಾಗೆ ಚಪ್ಪಟೆ ಆಗುತ್ತದಲ್ಲ, ಅದು ಇದಲ್ಲ. ನಮ್ಮ ಐರಾವತ ಬಸ್ಸಿನ ಸೀಟಿನ ದೊಡ್ಡಣ್ಣ ಅಂದುಕೊಂಡು ಹೋದರೆ ಬೇಜಾರಾಗುವುದಿಲ್ಲ. ಟಿವಿ ಪರದೆ ಇಲ್ಲ. ಫೋನ್ ನಿಲ್ಲಿಸಲು ಜಾಗ, ಚಾರ್ಜ್ ಮಾಡಲು ಪ್ಲಗ್ ಇದೆ. ಊಟ ಡಬ್ಬಿಯಲ್ಲಿ ಬರುತ್ತದೆ, ಅದರ ದುಡ್ಡು ಟಿಕೆಟಿನಲ್ಲೇ ಸೇರಿದೆ.

ಎಕ್ಸ್‌ಪ್ರೆಸ್ ಬಿಜ್ ಇರುವುದು ಬೋಯಿಂಗ್ 737-8 ವಿಮಾನಗಳಲ್ಲಿ, 8 ಸೀಟು. ಅವರು ಬಿಸಿ ಊಟ ಕೊಡುತ್ತಾರೆ. ದೇಶದೊಳಗೆ 25 ಕೆಜಿ ಲಗೇಜು. ಆದರೆ ಅವರ ಎಲ್ಲಾ ವಿಮಾನದಲ್ಲೂ ಈ ಸೀಟು ಇಲ್ಲ, ಆ ದಿನ ಯಾವುದು ಬರುತ್ತದೆ ಅನ್ನುವುದರ ಮೇಲೆ ಹೋಗುತ್ತದೆ.

ಲೌಂಜ್ (ವಿಮಾನ ನಿಲ್ದಾಣದಲ್ಲಿ ತಿಂಡಿ ತಿಂದು ಆರಾಮಾಗಿ ಕೂರುವ ಕೋಣೆ) ವಿಷಯ: ಬಿಸಿನೆಸ್ ಅಂದ ತಕ್ಷಣ ಲೌಂಜ್ ಉಚಿತ ಅಂತ ಹೊರಡಬೇಡಿ. ಬುಕ್ ಮಾಡುವ ಪುಟದಲ್ಲಿ ಬರೆದಿದ್ದರೆ ಮಾತ್ರ ಉಂಟು. ಇಲ್ಲದಿದ್ದರೆ ನಿಮ್ಮ ಕ್ರೆಡಿಟ್ ಕಾರ್ಡ್ ಗತಿ.

ತಿಂಡಿಪೋತ

ಡಬ್ಬಿಯಲ್ಲಿ ಏನಿರುತ್ತದೆ? ಮತ್ತೆ ಕುಡಿಯಲು? (ಕೇಳಿದ್ದು ಸ್ನೇಹಿತನಿಗಾಗಿ.)

ಸಂಜೆ ವಿಮಾನ

ನಿಮ್ಮ ಸ್ನೇಹಿತನಿಗೆ ಹೇಳಿ, ಭಾರತದೊಳಗಿನ ವಿಮಾನಗಳಲ್ಲಿ ಯಾವ ಕ್ಲಾಸಿನಲ್ಲೂ ಮದ್ಯ ಕೊಡುವ ಹಾಗಿಲ್ಲ. ಐವತ್ತು ಸಾವಿರದ ಟಿಕೆಟ್ ತೆಗೆದರೂ ಸಿಗುವುದು ಜ್ಯೂಸು, ಕಾಫಿ.

ಡಬ್ಬಿ ಸಸ್ಯಾಹಾರಿ. ಒಬೆರಾಯ್ ಕೇಟರಿಂಗ್‌ನವರದು. ರುಚಿ ಚೆನ್ನಾಗಿರುತ್ತದೆ, ಆದರೆ ತಣ್ಣಗಿರುತ್ತದೆ. ಬೆಳಗ್ಗೆ ಆರಕ್ಕೆ ತಣ್ಣಗಿನ ತಿಂಡಿ ನನಗಂತೂ ಇಳಿಯುವುದಿಲ್ಲ. ಮಲ್ಲೇಶ್ವರದಲ್ಲಿ ಇಡ್ಲಿ ತಿಂದುಕೊಂಡೇ ಹೊರಡುತ್ತೇನೆ.

ಮೂಲೆಮನೆ

ನೇರವಾಗಿ ಹೇಳುತ್ತೇನೆ. ಇಬ್ಬರಿಗೆ ಹೋಗಿ ಬರಲು ಹೆಚ್ಚಿಗೆ ಬೀಳುವುದು 56,000. ವಿಮಾನದಲ್ಲಿ ಕೂರುವುದು ಒಂದು ಕಡೆಗೆ ಎರಡೂ ಮುಕ್ಕಾಲು ಗಂಟೆ. ಆ ದುಡ್ಡಿಗೆ ತಮ್ಮನ ಮನೆಗೆ ಫ್ರಿಜ್, ವಾಷಿಂಗ್ ಮೆಷಿನ್ ಎರಡೂ ಬರುತ್ತದೆ. ಎಕಾನಮಿಯಲ್ಲೇ ಮೊದಲ ಸಾಲು ಅಥವಾ ಕಾಲು ಚಾಚುವ ಸೀಟು ಅಂತ ಒಂದೆರಡು ಸಾವಿರ ಜಾಸ್ತಿ ಕೊಟ್ಟರೆ ಸಿಗುತ್ತದೆ. ಅದನ್ನು ತೆಗೆದುಕೊಳ್ಳಿ, ಮುಗಿಯಿತು.

ಬಿಸಿನೆಸ್ ಕ್ಲಾಸ್ ಅನ್ನುವುದು ರಾತ್ರಿಯಿಡೀ ಹಾರುವವರಿಗೆ. ಲಂಡನ್ನಿಗೋ ಅಮೆರಿಕಕ್ಕೋ ಹೋಗುವಾಗ ಮಲಗಿಕೊಂಡು ಹೋದರೆ ಅರ್ಥ ಉಂಟು. ಇಲ್ಲಿ ಬೆಲ್ಟ್ ಬಿಚ್ಚಿ ಕಟ್ಟುವಷ್ಟರಲ್ಲಿ ಯಮುನೆ ಕಾಣುತ್ತದೆ.

ನಿವೃತ್ತ ಮೇಷ್ಟ್ರು

ಮೂಲೆಮನೆಯವರೇ, ನಿಮ್ಮ ಲೆಕ್ಕ ಸರಿ. ಆದರೆ ನಿಮ್ಮ ಮಂಡಿ ಗಟ್ಟಿ ಇದೆ ಅಂತ ಕಾಣುತ್ತದೆ!

ನನಗೆ ಒಂದು ಮಂಡಿ ಶಸ್ತ್ರಚಿಕಿತ್ಸೆ ಆಗಿದೆ. ಮಗಳು ದೆಹಲಿಯಲ್ಲಿ, ಹೀಗಾಗಿ ಈ ದಾರಿ ನನಗೂ ಗೊತ್ತು. ಕೆಲವು ವಿಷಯ ಹೇಳುತ್ತೇನೆ, ತಂಗಿ, ಟಿಕೆಟ್ ತೆಗೆಯುವ ಮುಂಚೆ ಓದಿಕೋ.

ಕಾಲು ಚಾಚುವ ಸೀಟುಗಳಲ್ಲಿ ಹಲವು ತುರ್ತು ಬಾಗಿಲಿನ ಸಾಲಿನಲ್ಲಿರುತ್ತವೆ. ಆ ಸಾಲಿನಲ್ಲಿ ವಯಸ್ಸಾದವರನ್ನು, ಗರ್ಭಿಣಿಯರನ್ನು, ಮಕ್ಕಳನ್ನು, ಓಡಾಡಲು ಕಷ್ಟವಿರುವವರನ್ನು ಕೂರಿಸುವುದಿಲ್ಲ. ಅವಘಡ ಆದರೆ ಭಾರದ ಬಾಗಿಲು ತೆಗೆಯಬೇಕಾದವರು ಅಲ್ಲಿ ಕೂತವರೇ. ದುಡ್ಡು ಕಟ್ಟಿ ಹೋದರೂ ಗಗನಸಖಿ ಬಂದು ಎಬ್ಬಿಸುತ್ತಾರೆ. ಹಾಗಾಗಿ ಅಮ್ಮನಿಗೆ ಎಕಾನಮಿಯಲ್ಲಿ ಉಳಿಯುವುದು ಮೊದಲ ಸಾಲು ಮಾತ್ರ.

ಮೊದಲ ಸಾಲಿಗೂ ಒಂದು ತೊಂದರೆ ಇದೆ. ಮುಂದೆ ಗೋಡೆ. ಊಟದ ಹಲಗೆ ಕೈಯಿಡುವ ಹಿಡಿಕೆಯೊಳಗೆ ಮಡಚಿ ಇಟ್ಟಿರುತ್ತಾರೆ. ಹಾಗಾಗಿ ಆ ಹಿಡಿಕೆ ಮೇಲಕ್ಕೆ ಏಳುವುದಿಲ್ಲ. ಮಂಡಿ ನೋವಿನವರು ಸೀಟಿಗೆ ಪಕ್ಕದಿಂದ ಜಾರಿಕೊಂಡು ಕೂರುತ್ತಾರೆ, ಎದುರಿನಿಂದ ಅಲ್ಲ. ಹಿಡಿಕೆ ಏಳದಿದ್ದರೆ ಒದ್ದಾಟ. ಬಿಸಿನೆಸ್ ಸೀಟಿನಲ್ಲೂ ಮಧ್ಯದ ಹಿಡಿಕೆ ಗಟ್ಟಿಯೇ, ಆದರೆ ಮುಂದೆ ನಿಂತು ತಿರುಗಲು ಜಾಗ ಇರುವುದರಿಂದ ಸಲೀಸು.

ಇನ್ನು ಶೌಚಾಲಯ. ಇಂಥ ಒಂದೇ ಓಣಿಯ ವಿಮಾನಗಳಲ್ಲಿ ಮುಂದೆ ಒಂದು, ಉಳಿದವು ಕಟ್ಟಕಡೆಗೆ. ಮುಂದೆ ಕೂತವರಿಗೆ ನಾಲ್ಕು ಹೆಜ್ಜೆ. ಹಿಂದೆ 20ನೇ ಸಾಲಿನಿಂದ ತಳ್ಳುಗಾಡಿ ದಾಟಿಕೊಂಡು ಹೋಗುವ ಕಷ್ಟ ನನ್ನ ವಯಸ್ಸಿನವರನ್ನು ಕೇಳಿ. ಎಷ್ಟೋ ಜನ ಅದಕ್ಕೆ ಹೆದರಿ ಬೆಳಗ್ಗಿನಿಂದ ನೀರನ್ನೇ ಕುಡಿಯುವುದಿಲ್ಲ.

ವೀಲ್‌ಚೇರಿಗೆ ಬಿಸಿನೆಸ್ ಟಿಕೆಟ್ ಬೇಕಿಲ್ಲ. ಬುಕ್ ಮಾಡುವಾಗಲೇ ಹಾಕು, ಕನಿಷ್ಠ 48 ಗಂಟೆ ಮುಂಚೆ. ಬಾಗಿಲಿನಿಂದ ಸೀಟಿನವರೆಗೆ ಒಬ್ಬರು ಜೊತೆಗೆ ಬರುತ್ತಾರೆ. ದೆಹಲಿಯ ಮೂರನೇ ಟರ್ಮಿನಲ್‌ನಲ್ಲಿ ಇಳಿದರೆ ಹೊರಗೆ ಬರುವಷ್ಟರಲ್ಲಿ ಗಟ್ಟಿ ಕಾಲಿನವರಿಗೇ ಸುಸ್ತಾಗುತ್ತದೆ. ಅಮ್ಮ "ನನಗೇನಾಗಿದೆ, ಗಾಡಿ ಯಾಕೆ" ಅಂದೇ ಅನ್ನುತ್ತಾರೆ. ಕೇಳಬೇಡ, ಹಾಕಿಬಿಡು.

ಸಾಗರದ ಮಳೆ

ಮೇಷ್ಟ್ರೇ, ತುಂಬಾ ಉಪಕಾರ ಆಯಿತು. ಆ ಮಾತನ್ನು ಅಮ್ಮ ಈಗಾಗಲೇ ಅಂದಾಗಿದೆ. ನೀರು ಕುಡಿಯದೇ ಕೂರುವುದು ಅಂದಿರಲ್ಲ, ಅಮ್ಮನೂ ಬಸ್ಸಿನಲ್ಲಿ ಅದನ್ನೇ ಮಾಡುವುದು. ನನಗೆ ತಲೆಗೇ ಹೋಗಿರಲಿಲ್ಲ.

ಲೆಕ್ಕದ ಪುಸ್ತಕ

ನಾನು ದುಡ್ಡಿನ ಕಡೆಯಿಂದ ಹೇಳುತ್ತೇನೆ. ಇಂಡಿಗೋದ ಎ321 ನಿಯೋದಲ್ಲಿ ಎಲ್ಲಾ ಎಕಾನಮಿ ಹಾಕಿದರೆ 232 ಸೀಟು ಹಿಡಿಸುತ್ತದೆ. ಸ್ಟ್ರೆಚ್ ಹಾಕಿದ ವಿಮಾನದಲ್ಲಿ 12 + 208, ಒಟ್ಟು 220. ಅಂದರೆ 24 ಎಕಾನಮಿ ಸೀಟು ಕಿತ್ತು 12 ದೊಡ್ಡ ಸೀಟು ಕೂರಿಸಿದ್ದಾರೆ. ಹಾಗಾಗಿ ಒಂದು ಸ್ಟ್ರೆಚ್ ಸೀಟು ಎರಡು ಎಕಾನಮಿ ಟಿಕೆಟಿನಷ್ಟು ದುಡಿದರೆ ಜಾಗದ ಲೆಕ್ಕ ಅಲ್ಲಿಂದಲ್ಲಿಗೆ. ಡಬ್ಬಿ, ಕಾಫಿ, ಹೆಚ್ಚಿನ ಲಗೇಜು ಸೇರಿಸಿದರೆ ಇನ್ನೊಂದು ಸ್ವಲ್ಪ.

ಇದರಿಂದ ನಮಗೆ ಒಂದು ಅಳತೆ ಸಿಗುತ್ತದೆ. ಅದೇ ವಿಮಾನದ, ಅದೇ ಹೊತ್ತಿನ ಎಕಾನಮಿ ದರದ ಎರಡು ಪಟ್ಟಿನ ಹತ್ತಿರ ಇದ್ದರೆ ನೀವು ಜಾಗಕ್ಕೆ ದುಡ್ಡು ಕೊಡುತ್ತಿದ್ದೀರಿ. ಮೂರು ಪಟ್ಟು ಆದರೆ ಹೆಸರಿಗೂ ಕೊಡುತ್ತಿದ್ದೀರಿ. ನಿಮ್ಮ 7,000 ಮತ್ತು 21,000 ಸರಿಯಾಗಿ ಮೂರು ಪಟ್ಟು. ಬೇರೆ ಹೊತ್ತಿನ ವಿಮಾನ ನೋಡಿ. ಬೆಳಗ್ಗೆ ಏಳರ ಒಳಗೆ ಮತ್ತು ಸಂಜೆ ಆರರ ಮೇಲೆ ಕಂಪನಿ ಕೆಲಸದವರು ತುಂಬಿರುತ್ತಾರೆ, ಮುಂದಿನ ಸೀಟು ಇಳಿಯುವುದೇ ಇಲ್ಲ. ಮಧ್ಯಾಹ್ನ ಹನ್ನೊಂದರಿಂದ ಮೂರರ ನಡುವೆ ವ್ಯತ್ಯಾಸ ಕಡಿಮೆ ಇರುವುದನ್ನು ನಾನು ನೋಡಿದ್ದೇನೆ.

ಇನ್ನೊಂದು, ತೆರಿಗೆ. ಎಕಾನಮಿ ಟಿಕೆಟಿಗೆ ಜಿಎಸ್‌ಟಿ 5 ಪರ್ಸೆಂಟ್. ಅದರ ಮೇಲಿನ ಯಾವ ಕ್ಲಾಸಿಗೂ 2025ರ ಸೆಪ್ಟೆಂಬರ್ 22ರಿಂದ 18 ಪರ್ಸೆಂಟ್. ಅದಕ್ಕೂ ಮುಂಚೆ 12 ಇತ್ತು. ಮೂಲ ದರ 18,000 ಅಂದರೆ ತೆರಿಗೆಯೇ 3,240. ಎಕಾನಮಿಯ 6,000ಕ್ಕೆ ತೆರಿಗೆ 300. ನೀವು ಕೊಡುವ ಹೆಚ್ಚಿನ ದುಡ್ಡಿನಲ್ಲಿ ಸುಮಾರು ಮೂರು ಸಾವಿರ ಸೀಟಿಗೂ ಅಲ್ಲ, ಊಟಕ್ಕೂ ಅಲ್ಲ, ಸೀದಾ ಸರ್ಕಾರಕ್ಕೆ.

ಕಂಪನಿ ಲೆಕ್ಕದಲ್ಲಿ ಹೋಗುವವರಿಗೆ ಇದು ನೋಯುವುದಿಲ್ಲ. ಕಂಪನಿಯ ಜಿಎಸ್‌ಟಿ ನಂಬರ್ ಹಾಕಿದರೆ ಆ ತೆರಿಗೆಯನ್ನು ಅವರು ತಮ್ಮ ಬಾಕಿಯಲ್ಲಿ ಕಳೆದುಕೊಳ್ಳಬಹುದು. ನಮ್ಮ ನಿಮ್ಮಂಥವರಿಗೆ ಆ ದಾರಿ ಇಲ್ಲ. ಸಂಜೆ ವಿಮಾನದವರು ಇಷ್ಟು ಸಮಾಧಾನವಾಗಿ ಬರೆಯುವುದಕ್ಕೆ ಕಾರಣ ಇದೇ ಇರಬಹುದು, ಅಲ್ವಾ ಸಾರ್?

ಸಂಜೆ ವಿಮಾನ

ಒಪ್ಪಿದೆ. ನನ್ನ ಜೇಬಿನಿಂದ ಆದರೆ ನಾನೂ 14ನೇ ಸಾಲೇ.

ಬಜ್ಪೆಯಿಂದ ಬರ್ ದುಬೈ

ನಮ್ಮ ಊರಿನ ಕಥೆ ಬೇರೆ ಮಾರಾಯ್ರೆ. ನಮಗೆ ಸೀಟು ಆಮೇಲೆ, ಮೊದಲು ಕೆಜಿ.

ಮಂಗಳೂರು–ದುಬೈ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಬಿಜ್ ತೆಗೆದರೆ 40 ಕೆಜಿ ಲಗೇಜು. ಊರಿಂದ ಹೊರಡುವಾಗ ಕುಚ್ಚಲಕ್ಕಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಅತ್ತೆ ಕೊಟ್ಟದ್ದು, ಪಕ್ಕದ ಮನೆಯವರು ಅವರ ಮಗನಿಗೆ ಕೊಟ್ಟದ್ದು ಎಲ್ಲಾ ಸೇರಿ ಬ್ಯಾಗು ಎತ್ತಲು ಇಬ್ಬರು ಬೇಕು. ಕೌಂಟರಿನಲ್ಲಿ ಒಂದೊಂದು ಕೆಜಿಗೂ ಹೆಚ್ಚಿಗೆ ಕಟ್ಟುವುದನ್ನು ಕೂಡಿಸಿ ನೋಡಿ. ಸೀಸನ್ ಇಲ್ಲದಾಗ ಬಿಜ್ ಟಿಕೆಟಿನ ವ್ಯತ್ಯಾಸದ ಒಂದು ಪಾಲು ಅದರಲ್ಲೇ ಹುಟ್ಟುತ್ತದೆ. ಮೂರೂವರೆ ಗಂಟೆ ಕಾಲು ಚಾಚಿಕೊಂಡು ಹೋಗುವುದು ಮೇಲಿನ ಲಾಭ.

ಶಾಲೆ ರಜೆ, ಹಬ್ಬದ ಸಮಯದಲ್ಲಿ ಮಾತ್ರ ಆ ಕಡೆ ನೋಡಲೇಬೇಡಿ. ಎಕಾನಮಿ ದರವೇ ತಲೆ ತಿರುಗಿಸುತ್ತದೆ.

ದೆಹಲಿಗೆ ಹೋಗುವವರಿಗೂ ಒಂದು ಮಾತು: ಗೃಹಪ್ರವೇಶಕ್ಕೆ ಒಣ ಕೊಬ್ಬರಿ ಬೇಕು ಅಂತ ಚೆಕ್-ಇನ್ ಬ್ಯಾಗಿನಲ್ಲಿ ತುಂಬಬೇಡಿ. ಅದರಲ್ಲಿ ಎಣ್ಣೆ ಅಂಶ ಇದೆ, ಬಿಸಿಗೆ ತಾನೇ ಹೊತ್ತಿಕೊಳ್ಳಬಹುದು ಅಂತ ಬಿಡುವುದಿಲ್ಲ. ಬಿಸಿನೆಸ್ ಕ್ಲಾಸ್ ಆದರೂ ತೆಗೆಸುತ್ತಾರೆ. ಪವರ್ ಬ್ಯಾಂಕೂ ಅದರಲ್ಲಿ ಬೇಡ, ಕೈಯಲ್ಲಿರುವ ಬ್ಯಾಗಿಗೆ ಹಾಕಿ.

ಸಾಗರದ ಮಳೆ

ಅಯ್ಯೋ, ಕೊಬ್ಬರಿ ಪಟ್ಟಿಯಲ್ಲಿತ್ತು! ತಮ್ಮನಿಗೆ ಅಲ್ಲೇ ತರಲು ಹೇಳುತ್ತೇನೆ.

ವಿದ್ಯಾನಗರ ಹುಬ್ಬಳ್ಳಿ

ನೀವೆಲ್ಲಾ ಬೆಂಗಳೂರಿನವರು ದೊಡ್ಡ ವಿಮಾನದ ಮಾತಾಡ್ತೀರಿ. ನಮ್ಮ ಕಡೆ ಬರುವ ಸಣ್ಣ ವಿಮಾನ, ಎಟಿಆರ್‌ನಲ್ಲಿ 78 ಸೀಟು, ಎಲ್ಲಾ ಒಂದೇ ಜಾತಿ. ಆದರೆ ಎರಡು–ಎರಡು ಸಾಲು ನೋಡ್ರಿ, ಮಧ್ಯದ ಸೀಟಿನ ಕಾಟ ಯಾರಿಗೂ ಇಲ್ಲ. ದುಡ್ಡು ಕೊಡದೇ ಅರ್ಧ ಬಿಸಿನೆಸ್ ಕ್ಲಾಸ್.

ತಮಾಷೆ ಬಿಡಿ. ಸಣ್ಣ ಊರುಗಳಿಗೂ ಬಿಸಿನೆಸ್ ಸೀಟು ಇದೆ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಸ್ಟಾರ್ ಏರ್ ಅಂತ ಬೆಂಗಳೂರಿನ ಕಂಪನಿ, 2019ರಲ್ಲಿ ಶುರುವಾಗಿದ್ದು. ಅವರ ಎಂಬ್ರೇಯರ್ 175 ವಿಮಾನದಲ್ಲಿ 76 ಸೀಟು, ಅದರಲ್ಲಿ 12 ಬಿಸಿನೆಸ್. ಬೆಳಗಾವಿ ಕಡೆ ಓಡಾಡುವವರು ನೋಡಿರುತ್ತೀರಿ. ಇಲ್ಲಿ ಹಾರಾಟ ಒಂದು ಗಂಟೆಯ ಆಜುಬಾಜು. ನಮ್ಮ ಮಾವ ಒಮ್ಮೆ ಅದರಲ್ಲಿ ಬಂದರು. "ಹೆಂಗಿತ್ತು ಮಾವ" ಅಂದರೆ "ಸೀಟು ಚಲೋ ಇತ್ತು, ಕೂರಲಿಕ್ಕೆ ಪುರಸೊತ್ತು ಸಿಗಲಿಲ್ಲ" ಅಂದರು.

ಹಳೇ ಬೋರ್ಡಿಂಗ್ ಪಾಸ್

ಇದೇನು ಹೊಸ ಕಥೆ ಅಲ್ಲ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿದಾಗ ಪಾಠವೇ ಬೇರೆ ಇತ್ತು. ಎಲ್ಲರಿಗೂ ಒಂದೇ ಸೀಟು, ಊಟ ಇಲ್ಲ, ದರ ಇಳಿಸು. ಹಾಸನ ಜಿಲ್ಲೆಯ ಗೊರೂರಿನ ಮನುಷ್ಯ ದೇಶಕ್ಕೆಲ್ಲಾ ಅದನ್ನು ಕಲಿಸಿದರು. ಆ ಪಾಠದ ಹೊರಗೆ ಉಳಿದವರು ಜೆಟ್ ಏರ್‌ವೇಸ್, ಆಮೇಲೆ ಬಂದ ಕಿಂಗ್‌ಫಿಷರ್ ತರಹದ ಕಂಪನಿಗಳು. ಅವರಿಗೆ ಮುಂದಿನ ಸೀಟೇ ಹೆಮ್ಮೆ.

ಈಗ ಆ ಎರಡೂ ಇಲ್ಲ. 2019ರ ಏಪ್ರಿಲ್‌ನಲ್ಲಿ ಜೆಟ್ ನಿಂತಿತು. ಅದರ 737ಗಳಲ್ಲಿ ಕೆಲವನ್ನು ಸ್ಪೈಸ್‌ಜೆಟ್ ಬಾಡಿಗೆಗೆ ತಂದಿತು. ಅವುಗಳಲ್ಲಿ ಬಿಸಿನೆಸ್ ಸೀಟು ಇದ್ದವು. ಕೀಳುವ ಬದಲು ಸ್ಪೈಸ್‌ಬಿಜ್ ಅಂತ ಹೆಸರಿಟ್ಟು ಆ ವರ್ಷದ ಮೇ ತಿಂಗಳಿಂದ ಮಾರಿತು. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನದೂ ಹೆಚ್ಚು ಕಮ್ಮಿ ಇದೇ ಥರ. ಬೇರೆ ದೇಶದ ಕಂಪನಿಗಳಿಗಾಗಿ ಕಟ್ಟಿ, ಅವರು ಒಯ್ಯದೇ ಬಿಟ್ಟ ಬೋಯಿಂಗ್ ವಿಮಾನಗಳು ಬೇಗ ಸಿಕ್ಕವು. ಸೀಟು ಮೊದಲೇ ಇತ್ತು. ಬೇಕು ಅಂತ ಕೂತು ಯೋಜನೆ ಹಾಕಿ ಮಾಡಿದ್ದು ಇಂಡಿಗೋ ಒಂದೇ. 2006ರಲ್ಲಿ ಶುರುವಾದ ಕಂಪನಿ 18 ವರ್ಷ "ನಮಗೆ ಒಂದೇ ಕ್ಲಾಸ್" ಅಂತ ನಡೆಸಿ ಆಮೇಲೆ ತಿರುಗಿತು.

ನನ್ನ ಪ್ರಕಾರ ಕಾರಣ ಸರಳ. ಮುಂದಿನ ಸೀಟು ಮಾರುತ್ತಿದ್ದ ವಿಸ್ತಾರ ಅನ್ನುವ ಕಂಪನಿ 2024ರ ನವೆಂಬರ್ 12ಕ್ಕೆ ಏರ್ ಇಂಡಿಯಾದಲ್ಲಿ ಸೇರಿಹೋಯಿತು. ಅದಾದ ಎರಡೇ ದಿನಕ್ಕೆ ಸ್ಟ್ರೆಚ್ ಹಾರಿತು. ಮುಂದಿನ ಸೀಟು ಮಾರುವವರು ದೇಶದಲ್ಲಿ ಕಮ್ಮಿ ಆದಾಗ ಅಂಗಡಿ ತೆರೆಯುವುದು ಜಾಣತನವೇ.

ಮೂಲೆಮನೆ

ಅದಕ್ಕೇ ಕೇಳುವುದು, ಅಷ್ಟು ದುಡ್ಡು ಕೊಡುವುದೇ ಆದರೆ ಏರ್ ಇಂಡಿಯಾದ ನಿಜವಾದ ಬಿಸಿನೆಸ್ ಯಾಕೆ ಬೇಡ? ಲೌಂಜ್ ಇದೆ, ತಟ್ಟೆಯಲ್ಲಿ ಬಿಸಿ ಊಟ ಇದೆ. ಇಲ್ಲವೇ ಅವರ ಪ್ರೀಮಿಯಂ ಎಕಾನಮಿ ನೋಡಿ. ಎ320 ನಿಯೋದಲ್ಲಿ 8 ಬಿಸಿನೆಸ್, 24 ಪ್ರೀಮಿಯಂ ಎಕಾನಮಿ ಇಟ್ಟಿದ್ದಾರೆ.

ಸಂಜೆ ವಿಮಾನ

ದರ ಒಂದೇ ಇದ್ದರೆ ಖಂಡಿತ ಅದೇ. ಸಾಮಾನ್ಯವಾಗಿ ಒಂದೇ ಇರುವುದಿಲ್ಲ. ಪ್ರೀಮಿಯಂ ಎಕಾನಮಿಯಲ್ಲಿ ಕಾಲಿಗೆ ಜಾಗ ಸಿಗುತ್ತದೆ, ಆದರೆ ಸಾಲಿಗೆ ಮೂರು–ಮೂರು ಸೀಟೇ. ಮಧ್ಯದ ಸೀಟು ತಪ್ಪುವುದಿಲ್ಲ. ಇಬ್ಬರೇ ಹೋಗುವವರಿಗೆ ಎರಡು–ಎರಡು ಇರುವುದೇ ದೊಡ್ಡ ಸೌಕರ್ಯ. ಅಪರಿಚಿತರು ಅಮ್ಮನ ಮಂಡಿ ದಾಟಿಕೊಂಡು ಹೋಗುವುದಿಲ್ಲ.

ನೊಂದ ಪ್ರಯಾಣಿಕ

ಒಂದು ಎಚ್ಚರಿಕೆ. ನಾನು ಒಂದು ಕಂಪನಿಯಲ್ಲಿ ಮುಂದಿನ ಸೀಟು ತೆಗೆದಿದ್ದೆ. ಗೇಟಿಗೆ ಹೋದಾಗ "ವಿಮಾನ ಬದಲಾಗಿದೆ, ಇದರಲ್ಲಿ ಆ ಸೀಟು ಇಲ್ಲ" ಅಂದರು. ಕೈಗೆ 9ನೇ ಸಾಲಿನ ಪಾಸು ಕೊಟ್ಟರು. ಆಮೇಲೆ "ಮುಂದಿನ ಪ್ರಯಾಣಕ್ಕೆ ಕೂಪನ್ ಕಳಿಸುತ್ತೇವೆ" ಅಂತ ಇಮೇಲ್. ನನಗೆ ಮುಂದಿನ ಪ್ರಯಾಣವೇ ಇರಲಿಲ್ಲ.

ಆಮೇಲೆ ಗೊತ್ತಾದದ್ದು: ಇದಕ್ಕೆ ಡಿಜಿಸಿಎ (ವಿಮಾನ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ) ನಿಯಮ ಇದೆ. 2023ರ ಫೆಬ್ರವರಿ 15ರಿಂದ ಜಾರಿಯಲ್ಲಿದೆ. ನಾವು ಒಪ್ಪದೇ ಅವರಾಗಿ ಕೆಳಗಿನ ಕ್ಲಾಸಿಗೆ ಹಾಕಿದರೆ ದೇಶದೊಳಗಿನ ವಿಮಾನಕ್ಕೆ ತೆರಿಗೆ ಸೇರಿ ಟಿಕೆಟ್ ದುಡ್ಡಿನ 75 ಪರ್ಸೆಂಟ್ ವಾಪಸ್ ಕೊಡಬೇಕು. ಹೊರದೇಶದ ಪ್ರಯಾಣಕ್ಕೆ ದೂರ ನೋಡಿ 30, 50, 75 ಪರ್ಸೆಂಟ್. 1,500 ಕಿಲೋಮೀಟರ್ ವರೆಗೆ 30, 3,500ರ ವರೆಗೆ 50, ಅದಕ್ಕೂ ಮೇಲೆ 75.

ನಿಯಮದ ಹೆಸರು ಹೇಳಿ ಮತ್ತೆ ಬರೆದೆ. ಕೂಪನ್ ಹೋಯಿತು, ದುಡ್ಡು ಬಂತು. ನಿಮ್ಮ 21,000ದ ಟಿಕೆಟಿಗೆ ಹೀಗಾದರೆ 15,750 ವಾಪಸ್ ಬರಬೇಕು. ಹಳೇ ಬೋರ್ಡಿಂಗ್ ಪಾಸು, ಹೊಸ ಪಾಸು ಎರಡರ ಫೋಟೋ ತೆಗೆದಿಟ್ಟುಕೊಳ್ಳಿ. ಕೌಂಟರಿನಲ್ಲಿ ಹಳೆಯದನ್ನು ಕೇಳಿ ತೆಗೆದುಕೊಂಡು ಹರಿದುಬಿಡುತ್ತಾರೆ.

ಲೆಕ್ಕದ ಪುಸ್ತಕ

ಇದು ಬಹಳ ಉಪಯೋಗದ ಮಾಹಿತಿ. ಜೊತೆಗೆ ಇನ್ನೊಂದು ಸೇರಿಸುತ್ತೇನೆ. 2025ರ ಡಿಸೆಂಬರ್ ಮೊದಲ ವಾರ ಇಂಡಿಗೋ ವಿಮಾನಗಳು ರಾಶಿ ರಾಶಿ ರದ್ದಾದವು, ನೆನಪಿದೆಯಾ? ಆಗ ಸರ್ಕಾರ ದರಕ್ಕೆ ಮಿತಿ ಹಾಕಿತು. 1,500 ಕಿಲೋಮೀಟರ್ ಮೇಲಿನ ದಾರಿಗೆ 18,000. ಆದರೆ ಆ ಮಿತಿ ಬಿಸಿನೆಸ್ ಕ್ಲಾಸಿಗೆ ಇರಲಿಲ್ಲ. ತೊಂದರೆಯ ದಿನಗಳಲ್ಲಿ ಸರ್ಕಾರ ಕಾಯುವುದು ಹಿಂದಿನ ಸೀಟನ್ನು. ಮುಂದೆ ಕೂತವರು ಅವರ ಪಾಡಿಗೆ ಅವರು. ಅದೇನೂ ತಪ್ಪಲ್ಲ, ಗೊತ್ತಿರಲಿ ಅಷ್ಟೇ.

ತಿಂಡಿಪೋತ

ಎಲ್ಲಾ ಸರಿ, ಅಮ್ಮ ಈರುಳ್ಳಿ ಬೆಳ್ಳುಳ್ಳಿ ತಿನ್ನುತ್ತಾರಾ? ಡಬ್ಬಿಯ ಊಟದಲ್ಲಿ ಅದು ಇರುತ್ತದೋ ಇಲ್ಲವೋ ಕೇಳಿಕೊಳ್ಳಿ. ಮನೆಯಿಂದ ಚಿತ್ರಾನ್ನ, ಚಪಾತಿ ತೆಗೆದುಕೊಂಡು ಹೋದರೆ ಯಾರೂ ತಡೆಯುವುದಿಲ್ಲ. ಉಪ್ಪಿನಕಾಯಿ ಮಾತ್ರ ಕೈಚೀಲದಲ್ಲಿ ಬೇಡ.

ಸಾಗರದ ಮಳೆ

ತಿನ್ನುವುದಿಲ್ಲ. ಚಿತ್ರಾನ್ನವೇ ಗತಿ.

ಸರಿ, ತೀರ್ಮಾನ ಆಯಿತು. ಶುಕ್ರವಾರ ಬೆಳಗ್ಗಿನ ಬದಲು ಮಧ್ಯಾಹ್ನದ ವಿಮಾನ ನೋಡಿದೆ. ಮುಂದಿನ ಸೀಟು 16,800, ಎಕಾನಮಿ 7,400. ಲೆಕ್ಕದ ಪುಸ್ತಕದವರ ಎರಡು ಪಟ್ಟಿಗೆ ಹತ್ತಿರ. ಹೋಗುವಾಗ ಇಬ್ಬರೂ ಮುಂದೆ. ಬರುವ ಭಾನುವಾರ ಸಂಜೆ ಮುಂದಿನ ಸೀಟು 26,000 ತೋರಿಸುತ್ತಿದೆ. ಅದಕ್ಕೆ ಕೈ ಮುಗಿದೆ. ಎಕಾನಮಿಯ ಮೊದಲ ಸಾಲಿನಲ್ಲಿ ಎರಡು ಸೀಟು ದುಡ್ಡು ಕೊಟ್ಟು ತೆಗೆದೆ. ವೀಲ್‌ಚೇರ್ ಎರಡೂ ಕಡೆಗೆ ಹಾಕಿದ್ದೇನೆ, ಅಮ್ಮನಿಗೆ ಇನ್ನೂ ಹೇಳಿಲ್ಲ.

ಮೂಲೆಮನೆ

ಒಬ್ಬರೇ ಮುಂದೆ ಕೂತರೆ ಸಾಕಿತ್ತಲ್ಲ? ಅಮ್ಮ ಮುಂದೆ, ನೀವು ಹಿಂದೆ. 9,400 ಉಳಿಯುತ್ತಿತ್ತು.

ನಿವೃತ್ತ ಮೇಷ್ಟ್ರು

ಅಮ್ಮನನ್ನು ಒಬ್ಬರನ್ನೇ ಮುಂದೆ ಕೂರಿಸಿದರೆ ಅವರು ಅರ್ಧ ಗಂಟೆಗೊಮ್ಮೆ ಎದ್ದು ಹಿಂದೆ ನೋಡುತ್ತಾರೆ. ನನ್ನ ಹೆಂಡತಿ ಹಾಗೆಯೇ ಮಾಡಿದ್ದು. ಸೀಟಿಗೆ ಕೊಟ್ಟ ದುಡ್ಡು ದಂಡ.

ಸಾಗರದ ಮಳೆ

ಹೋಗಿ ಬಂದೆವು. ಕೇಳಿದವರಿಗೆ ವರದಿ ಕೊಡಬೇಕಲ್ಲ.

ಸೀಟು ಇಲ್ಲಿ ಹೇಳಿದ ಹಾಗೆಯೇ ಇತ್ತು. ಅಮ್ಮ ಕಾಲು ಪೂರ್ತಿ ಚಾಚಲು ಆಗಲಿಲ್ಲ, ಆದರೆ ಮಡಚಿಕೊಂಡೂ ಕೂರಲಿಲ್ಲ. ನಡುವೆ ಎರಡು ಸಲ ತಾವೇ ಎದ್ದು ನಿಂತರು. ಶೌಚಾಲಯಕ್ಕೆ ಒಬ್ಬರೇ ಹೋಗಿ ಬಂದರು. ಬೆಳಗ್ಗಿನಿಂದ ಎಂದಿನ ಹಾಗೆ ನೀರು ಕುಡಿದಿದ್ದರು, ನನಗೆ ಅದೇ ಸಮಾಧಾನ. ಇಳಿದ ಮೇಲೆ ಮಂಡಿ ಹಿಡಿದುಕೊಂಡಿರಲಿಲ್ಲ. ಸಂಜೆ ತಮ್ಮನ ಮನೆಯಲ್ಲಿ ಹೋಳಿಗೆ ಹೂರಣ ಮಾಡಲು ನಿಂತರು.

ವಾಪಸ್ ಬರುವಾಗ ಮೊದಲ ಸಾಲು ಪರವಾಗಿಲ್ಲ. ಮೇಷ್ಟ್ರು ಹೇಳಿದ ಹಿಡಿಕೆಯ ತೊಂದರೆ ನಿಜ. ಕೂರುವಾಗ, ಏಳುವಾಗ ನಾನೇ ಕೈ ಹಿಡಿಯಬೇಕಾಯಿತು. ಮೂರನೇ ಸೀಟಿನಲ್ಲಿದ್ದ ಹುಡುಗ ಒಳ್ಳೆಯವನು, ಏಳಲೇ ಇಲ್ಲ. ಮನೆ ಸೇರಿದ ಮಾರನೇ ದಿನ ಅಮ್ಮ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದರು. ದೆಹಲಿಗೆ ಹೋದ ಮಾರನೇ ದಿನ ಹಾಗೆ ಇರಲಿಲ್ಲ. ಸೀಟಿನಿಂದಲೋ ಎರಡು ದಿನದ ಓಡಾಟದಿಂದಲೋ ಹೇಳಲಾರೆ.

ಬೇಜಾರಾದದ್ದು ಒಂದೇ. ಬೆಂಗಳೂರಿನಲ್ಲಿ ಹತ್ತುವಾಗ ಏರೋಬ್ರಿಜ್ (ಗೇಟಿನಿಂದ ವಿಮಾನದ ಬಾಗಿಲಿಗೆ ನಡೆದು ಹೋಗುವ ಸೇತುವೆ) ಇರಲಿಲ್ಲ, ಬಸ್ಸು. ಅಮ್ಮನನ್ನು ಲಿಫ್ಟ್ ಗಾಡಿಯಲ್ಲಿ ಹತ್ತಿಸಿದರು. ಅದು ಬರಲು ತಡವಾಗಿ, ಮೊದಲು ಹತ್ತಬೇಕಾದವರು ಕೊನೆಗೆ ಹತ್ತಿದೆವು. ಅಷ್ಟು ಹೊತ್ತಿಗೆ ನಮ್ಮ ತಲೆ ಮೇಲಿನ ಜಾಗದಲ್ಲಿ ಹಿಂದಿನವರ ಬ್ಯಾಗು!

ನಾನೊಬ್ಬಳೇ ಹೋಗುವುದಾದರೆ ಖಂಡಿತ ತೆಗೆಯುವುದಿಲ್ಲ. ಅಮ್ಮ ಜೊತೆಗಿದ್ದು ಎರಡು ಪಟ್ಟಿನ ಆಸುಪಾಸಿಗೆ ಸಿಕ್ಕರೆ ಮತ್ತೆ ತೆಗೆಯುತ್ತೇನೆ.

ನಿವೃತ್ತ ಮೇಷ್ಟ್ರು

ಸಂತೋಷ ತಂಗಿ. ವೀಲ್‌ಚೇರಿಗೆ ಏನಂದರು?

ಸಾಗರದ ಮಳೆ

ಮೊದಲು ಮುಖ ಊದಿಸಿಕೊಂಡರು. ಸೆಕ್ಯೂರಿಟಿಯ ಉದ್ದ ಸಾಲು ಪಕ್ಕದಲ್ಲಿ ಹಿಂದೆ ಸರಿದ ಮೇಲೆ ಸುಮ್ಮನಾದರು. ತಳ್ಳಿಕೊಂಡು ಬಂದ ಹುಡುಗ ಹಾವೇರಿಯವನು. ಗೇಟು ಬರುವಷ್ಟರಲ್ಲಿ ಅವನ ಮನೆಯವರೆಲ್ಲರ ವಿಷಯ ತಿಳಿದುಕೊಂಡಿದ್ದರು.

ತಿಂಡಿಪೋತ

ಮುಂದಿನ ತಿಂಗಳು ನಾನು, ಹೆಂಡತಿ ಗೋವಾಕ್ಕೆ. ಮದುವೆಯಾಗಿ ಹತ್ತು ವರ್ಷ. ಮುಂದಿನ ಸೀಟು ತೆಗೆಯಲಾ?

ಸಂಜೆ ವಿಮಾನ

ಬೆಂಗಳೂರು–ಗೋವಾ ಒಂದೂಕಾಲು ಗಂಟೆ. ಅದರಲ್ಲಿ ಏರಲು, ಇಳಿಯಲು ಅರ್ಧ ಹೋಗುತ್ತದೆ. ನೀವು ಡಬ್ಬಿಯ ಮುಚ್ಚಳ ತೆಗೆಯುವಾಗ ಬಂದು ವಾಪಸ್ ಕೇಳುತ್ತಾರೆ. ಆ ದುಡ್ಡಿಗೆ ಅಲ್ಲಿ ಒಳ್ಳೆಯ ಮೀನೂಟ ಮಾಡಿ.

ತಿಂಡಿಪೋತ

ಸರಿ, ಹೆಂಡತಿಗೆ ನೀವೇ ಹೇಳಿದ್ದು ಅನ್ನುತ್ತೇನೆ.